ಮುತ್ತಾತನ ನಷ್ಟದ ಪಟ್ಟಿ

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ ವರ್ತಕ ಮುತ್ತಾತನನ್ನು ಹುಡುಕಹೊರಟವರಿಗೆಲ್ಲ ಒಂದೇ ಆಸೆ: ಆತ ದೇಶಭಕ್ತನಾಗಿರಲಿ! ಬಾಸ್ಟನ್ನಿನ ಜಾನ್ ಹ್ಯಾನ್‌ಕಾಕ್‌ನಂಥವನಾದರೆ ಇನ್ನೂ ಚೆಂದ. ಮದೀರಾ ವೈನಿನ ಸುಂಕದ ರಗಳೆಯಲ್ಲಿ 1768ರಲ್ಲಿ ಆತನ ಲಿಬರ್ಟಿ ಹಡಗೇ ಜಪ್ತಿಯಾಗಿತ್ತು. 1776ರ ಸ್ವಾತಂತ್ರ್ಯ ಘೋಷಣೆಗೆ ದಪ್ಪ ರುಜು ಹಾಕಿದ್ದೇ ತಡ, ಸುಂಕದ ಮಾತು ಯಾರೂ ಎತ್ತಲಿಲ್ಲ.

ಮುತ್ತಾತ ಬ್ರಿಟಿಷ್ ದೊರೆಯ ಕಡೆಯವನಾಗಿದ್ದರೆ ಮಾತ್ರ ಮರಿಮಕ್ಕಳ ಮುಖ ಹುಳ್ಳಗೆ. ನನ್ನ ಕೇಳಿದರೆ, ಹುಡುಕುವವರಿಗೆ ಅವನೇ ಲಾಭ. ಊರು ಬಿಟ್ಟೋಡಿದ ಇಂಥವರ ನಷ್ಟ ವಿಚಾರಿಸಲು ಬ್ರಿಟಿಷ್ ಸಂಸತ್ತು 1783ರಲ್ಲಿ ಆಯೋಗ ನೇಮಿಸಿತು. ಮನೆ, ಉಗ್ರಾಣ, ವಸೂಲಾಗದ ಬಾಕಿ, ಕುರ್ಚಿ, ಕನ್ನಡಿ—ಎಲ್ಲ ಬರೆದುಕೊಟ್ಟರು. ಆ ಕಾಗದಗಳು ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿ ಇಂದಿಗೂ ಇವೆ. ಪರಿಹಾರದ ಅರ್ಜಿಯಲ್ಲಿ ಯಾವ ವರ್ತಕ ಬಡವನಾಗಿದ್ದಾನೆ ಹೇಳಿ? ಆಯೋಗದವರೂ ಕಿಲಾಡಿಗಳೇ, ಸಾಕ್ಷಿಗಳನ್ನು ಕರೆಸಿ ಜಾಲಾಡಿದರು, ಒಟ್ಟಾರೆ ಕೇಳಿದ್ದರ ಅರ್ಧವನ್ನೂ ಕೊಡಲಿಲ್ಲ.