ಮಿಡಿಮೀಮಾಂಸೆ

ಸಾಗರ, ಸಿದ್ಧಾಪುರ, ಶಿರಸಿ ಸೀಮೆಯ ಹೊಳೆದಂಡೆಗಳಲ್ಲಿ ಯಾರೂ ನೆಡದೆ ತಾನಾಗಿ ಬೆಳೆದ ಅಪ್ಪೆಮರದಿಂದ ಉಪ್ಪಿನಕಾಯಿಗೆ ಮಿಡಿ ಸಂಪಾದಿಸುವ ಕ್ರಮವನ್ನು ಈ ಪ್ರಬಂಧ ವಿಚಾರಿಸುತ್ತದೆ. ಶಾಸ್ತ್ರಗ್ರಂಥಕ್ಕೆ ಅನುಬಂಧಗಳು ನಾಲ್ಕಿರಬೇಕು. ವಿಷಯ: ಮಾವಿನಮಿಡಿ. ಪ್ರಯೋಜನ: ಬರುವ ಮಳೆಗಾಲದ ಮೊಸರನ್ನ. ಅಧಿಕಾರಿ: ಮನೆಯ ಭರಣಿ ತಳ ಕಂಡವನು. ನಾಲ್ಕನೆಯದಾದ ಸಂಬಂಧವನ್ನು ಉಳಿದ ಶಾಸ್ತ್ರಕಾರರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಇಲ್ಲಿ ಅದೇ ಸರ್ವಸ್ವ. ಮರ ಎಲ್ಲಿದೆ ಎಂದು ಬಲ್ಲವರಿಗೂ ನಮಗೂ ಯಾವ ಕಡೆಯಿಂದ ನೆಂಟಸ್ತಿಕೆ ಎಂಬುದು ಇತ್ಯರ್ಥವಾಗದೆ ಒಂದು ಮಿಡಿಯೂ ಕೈಗೆ ಬರದು.

ಮೊದಲು ಕಾಲನಿರ್ಣಯ. ವಸಂತವೆಂದರೆ ಚೈತ್ರ, ವೈಶಾಖ ಎಂದು ಪಂಚಾಂಗ ಹೇಳುತ್ತದೆ. ಅದನ್ನು ನಂಬಿ, ಬೇವು ಬೆಲ್ಲ ತಿಂದು, ಹೆಗಲಿಗೆ ಚೀಲ ಹಾಕಿ ಹೊರಟವನಿಗೆ ಹಲವು ಮರಗಳಲ್ಲಿ ಸಿಗುವುದು ಓಟೆ ಗಟ್ಟಿಯಾದ ಕಾಯಿ. ಅದು ಗೊಜ್ಜಿಗಾದೀತು, ಭರಣಿಗಾಗದು. ಆದ್ದರಿಂದ ಅಡುಗೆಮನೆಯ ವಸಂತ ಫಾಲ್ಗುಣದಲ್ಲೇ ಶುರುವಾಗುತ್ತದೆ ಎಂಬುದು ಅತ್ತೆಯಂದಿರ ಮತ. ಇದನ್ನು ಖಂಡಿಸಿದ ಗಂಡಸರು ಯಾರೂ ನಮ್ಮ ಸೀಮೆಯಲ್ಲಿಲ್ಲ.

ಇನ್ನು ಲಕ್ಷಣ. ಎಲೆ ಹೊಸಕಿ ಮೂಸಬೇಕು, ತೊಟ್ಟು ಮುರಿದಾಗ ಚಿಮ್ಮುವ ಸೊನೆಯನ್ನು ಮೂಸಬೇಕು. ಜೀರಿಗೆಯಂತಿದ್ದರೆ ಜೀರಿಗೆ ಅಪ್ಪೆ, ಕರ್ಪೂರದಂತಿದ್ದರೆ ಕರ್ಪೂರ ಅಪ್ಪೆ. ಊರಿನ ಹೆಸರು ಹೊತ್ತ ಮಾಳಂಜಿ ಇದೆ, ಮನುಷ್ಯನ ಹೆಸರು ಹೊತ್ತ ಅನಂತಭಟ್ಟನ ಅಪ್ಪೆಯೂ ಇದೆ. ಸ್ವೀಡನ್ನಿನ ಲಿನ್ನೇಯಸ್ 1753ರಲ್ಲಿ ಇಡೀ ಮಾವಿನ ಕುಲಕ್ಕೆ ಮ್ಯಾಂಜಿಫೆರಾ ಇಂಡಿಕಾ ಎಂದು ಒಂದೇ ಹೆಸರಿಟ್ಟು ಕೈತೊಳೆದುಕೊಂಡ. ಅವನ ಎಲೆಗೆ ಯಾರೂ ಉಪ್ಪಿನಕಾಯಿ ಬಡಿಸಿರಲಿಲ್ಲ ಎಂಬುದು ಇದರಿಂದ ಸಿದ್ಧ.

ಮಿಡಿ ಇದೆ ಎಂದು ತಿಳಿಯುವುದು ಹೇಗೆ? ಪ್ರಮಾಣಗಳು ಆರು. ಪ್ರತ್ಯಕ್ಷ ದುರ್ಬಲ, ಕಣ್ಣಿಗೆ ಕಾಣುವ ಮಿಡಿ ಯಾವತ್ತೂ ಕೈಗೆ ಸಿಗದ ಕೊಂಬೆಯಲ್ಲಿರುತ್ತದೆ. ಅನುಮಾನ ಅದಕ್ಕಿಂತ ವಾಸಿ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿದ್ದಂತೆ ಎಂದು ತಾರ್ಕಿಕರು ಹೇಳಿದರಲ್ಲ, ಹಾಗೆ ಎಲ್ಲೆಲ್ಲಿ ಸೊನೆಯ ಪರಿಮಳವೋ ಅಲ್ಲಲ್ಲಿ ಮಿಡಿ. ಇದಕ್ಕೂ ದೃಷ್ಟಾಂತ ಅಡುಗೆಮನೆಯೇ, ಆದರೆ ಪಕ್ಕದವರದು. ಉಪಮಾನಕ್ಕೆ ಹೋದ ವರ್ಷದ ಭರಣಿ ಸಾಕು. ಅರ್ಥಾಪತ್ತಿಗೆ ಮೀಮಾಂಸಕರು ಹಗಲು ಉಣ್ಣದೆಯೂ ದಪ್ಪಗಿರುವ ದೇವದತ್ತನನ್ನು ತಂದು ನಿಲ್ಲಿಸುತ್ತಾರೆ. ಅವನು ರಾತ್ರಿ ಉಣ್ಣುತ್ತಿರಬೇಕು. ಹಗಲೆಲ್ಲ ಜಗಲಿಯಲ್ಲಿ ಕವಳ ಹಾಕುತ್ತ ಕೂತ ನೆರೆಯವರ ಮನೆಯಲ್ಲಿ ಬೆಳಗಾಗುವಷ್ಟರಲ್ಲಿ ಎರಡು ಭರಣಿ ತುಂಬಿದ್ದರೆ ಏನೆಂದು ತಿಳಿಯಬೇಕು? ಅನುಪಲಬ್ಧಿಯೆಂದರೆ ನಾವು ಹೋಗುವಷ್ಟರಲ್ಲಿ ಮರ ಬೋಳಾಗಿರುವುದು. ಅನುಭವದಲ್ಲಿ ಹೆಚ್ಚಾಗಿ ಒದಗುವ ಪ್ರಮಾಣ ಇದೇ.

ಶಬ್ದಪ್ರಮಾಣಕ್ಕೆ ಪ್ರತ್ಯೇಕ ಅಧಿಕರಣ ಬೇಕು. ನಿಜವನ್ನು ಬಲ್ಲವನೂ ಅದನ್ನು ಇದ್ದಂತೆ ಹೇಳುವವನೂ ಆಪ್ತ ಎಂದು ಶಾಸ್ತ್ರ. ಮಿಡಿಮರದ ವಿಚಾರದಲ್ಲಿ ಎಲ್ಲ ಹಿರಿಯರೂ ಈ ಲಕ್ಷಣದ ಮೊದಲರ್ಧಕ್ಕೆ ಮಾತ್ರ ಸಲ್ಲುತ್ತಾರೆ. "ಎಲ್ಲಿದ್ದು ಮಾವ ಆ ಮರ?" ಎಂದರೆ "ಇಲ್ಲೇ ಕೆಳಗೆ, ಹೊಳೆ ಬದಿಗೆ" ಎಂಬ ಉತ್ತರ ಬರುತ್ತದೆ. ಮಲೆನಾಡಿನಲ್ಲಿ ಯಾವುದು ಕೆಳಗಿಲ್ಲ, ಯಾವುದು ಹೊಳೆ ಬದಿಗಿಲ್ಲ? ಇನ್ನೂ ಒತ್ತಿ ಕೇಳಿದರೆ "ಈ ವರ್ಷ ಮರದಲ್ಲಿ ಎಂತೂ ಇಲ್ಲೆ ಮಾರಾಯ" ಎಂಬ ನಿಷೇಧವಾಕ್ಯ. ಇದನ್ನು ವಿಧಿವಾಕ್ಯವೆಂದೇ ಓದಬೇಕು. ನಿಜಕ್ಕೂ ಬಿಡದ ವರ್ಷ ಅವರೇ ಕರೆದೊಯ್ದು ಮರ ತೋರಿಸುತ್ತಾರೆ. ಮಾತು ಮುಂದುವರಿದು ಊಟಕ್ಕೆ ಕರೆದರೆ ಎಚ್ಚರ. ಕೊನೆಗೆ ಅಪ್ಪೆಹುಳಿ ಬರುತ್ತದೆ. ಇಂಗಿನ ಒಗ್ಗರಣೆಯ ಆ ತಿಳಿಯನ್ನು ಎರಡು ಲೋಟ ಕುಡಿದ ಜಿಜ್ಞಾಸು ಜಗಲಿಯಲ್ಲೇ ನಿದ್ದೆಹೋಗುತ್ತಾನೆ. ಎದ್ದಾಗ ಮಾವ ಇರುವುದಿಲ್ಲ, ಗೋಡೆಗೆ ತೂಗಿದ್ದ ಹಗ್ಗವೂ ಇರುವುದಿಲ್ಲ.

ಹಗ್ಗ ಏಕೆಂದರೆ ಮಿಡಿಯನ್ನು ಉದುರಿಸುವಂತಿಲ್ಲ. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸೀತು. ತೊಟ್ಟು ಸಮೇತ ಕೊಯ್ದು, ಬುಟ್ಟಿಗೆ ಹಾಕಿ, ಹಗ್ಗದಲ್ಲಿ ಇಳಿಸಬೇಕು. ಸೊನೆ ತಾಗಿದ ಚರ್ಮ ಸುಡುತ್ತದೆ, ಕೆಂಜಿಗ ಕಚ್ಚುತ್ತದೆ, ಮರ ಹತ್ತಿದವನ ಜೀವ ಕೊಂಬೆಯ ಮೇಲಿರುತ್ತದೆ. ಪೇಟೆಯಲ್ಲಿ ನೂರರ ಲೆಕ್ಕದಲ್ಲಿ ಮಾರುವಾಗ ಚೌಕಾಸಿ ಮಾಡುವವರು ಒಮ್ಮೆ ಕತ್ತೆತ್ತಿ ಮರದ ಎತ್ತರ ನೋಡಿದರೆ ಒಳ್ಳೆಯದು. ಇದು ಪ್ರಬಂಧಕಾರನ ಸ್ವಂತ ಮಾತು, ಶಾಸ್ತ್ರದ್ದಲ್ಲ. ಆಮೇಲಿನದು, ಉಪ್ಪಿನಲ್ಲಿಟ್ಟು ಮಿಡಿ ಚಿರುಟುವವರೆಗೆ ಕಾಯುವುದು, ಸಾಸಿವೆ ಮೆಣಸು ಅರೆದು ಕೂಡಿಸುವುದು, ಹೆಂಗಸರ ಶಾಖೆ. ಗಂಡಸರಿಗೆ ಅಲ್ಲಿ ಭರಣಿ ಎತ್ತಿಡುವ ಅಧಿಕಾರ ಮಾತ್ರ.

ಇಲ್ಲಿ ಪೂರ್ವಪಕ್ಷ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ, ನರ್ಸರಿಯಲ್ಲಿ ಕಸಿಗಿಡ ಸಿಗುತ್ತದೆ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ತಳಿಗಳನ್ನು ಕಲೆಹಾಕಿದೆ. ಹಿತ್ತಲಲ್ಲೇ ಮಿಡಿ ಬಿಡುವಾಗ ಈ ಕಾಡುಸುತ್ತಾಟ ಏಕೆ? ಸಿದ್ಧಾಂತಿ ಇಲ್ಲಿ ಅರ್ಧ ಸೋಲುತ್ತಾನೆ. 1964ರ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯ ದಂಡೆಯನ್ನು ಮುಳುಗಿಸಿತು. ಉಳಿದ ಕಡೆ ಮಿಡಿಯ ಆಸೆಗೆ ಕೊಂಬೆಯನ್ನೇ ಕಡಿದು ಕೆಡವಿದವರು ನಾವೇ. ಕಸಿಯ ಕತ್ತಿ ಹಿಡಿದ ರೈತರು ಇಲ್ಲದಿದ್ದರೆ ಈ ಶಾಸ್ತ್ರಕ್ಕೆ ವಿಷಯವೇ ಉಳಿಯುತ್ತಿರಲಿಲ್ಲ. ಆದರೂ ಹಿತ್ತಲ ಗಿಡದ ಬಗ್ಗೆ ಸುಳ್ಳು ಹೇಳಲಾಗುವುದಿಲ್ಲ, ರಸ್ತೆಗೆ ಕಾಣುತ್ತದೆ. ಸಿದ್ಧಾಂತಿಯ ಉಳಿದರ್ಧ ನಿಂತಿರುವುದು ಈ ಒಂದು ಹೇತುವಿನ ಮೇಲೆ.

ನವ್ಯಪಕ್ಷದ ಒಬ್ಬ ಮೊಮ್ಮಗ, ಬೆಂಗಳೂರಿನಿಂದ ರಜೆಗೆ ಬಂದವನು, ಅಜ್ಜನ ಹಿಂದೆ ಕಾಡಿಗೆ ಹೋಗಿ ಮರದ ಬುಡದಲ್ಲಿ ನಿಂತು ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿ ನೆಂಟರ ವಾಟ್ಸಾಪ್ ಬಳಗಕ್ಕೆಲ್ಲ ಕಳಿಸಿದ. ಅಜ್ಜ ಬೈಯಲಿಲ್ಲ, ಗುರುತು ಸರಿಯಾಗಿದೆಯೇ ಎಂದು ಕನ್ನಡಕ ಹಾಕಿ ಎರಡು ಸಲ ನೋಡಿದರು. ಬೇಕಾದವರು ಹೋಗಿ ಪರೀಕ್ಷಿಸಬಹುದು, ಅಲ್ಲಿರುವುದು ಹೊನ್ನೆಮರ.