ಸಾಕೆನ್ನುವ ವಿದ್ಯೆ

ಮನುಷ್ಯನು ಕಲಿಯತಕ್ಕ ವಿದ್ಯೆಗಳಲ್ಲೆಲ್ಲ ಅತ್ಯಂತ ಕಠಿನವಾದುದು ಊಟಕ್ಕೆ ಕುಳಿತಲ್ಲಿ ‘ಸಾಕು’ ಎಂದು ಹೇಳಿ, ಹಾಗೆ ಹೇಳಿದುದನ್ನು ಬಡಿಸುವವರಿಂದ ಒಪ್ಪಿಸಿಕೊಳ್ಳುವುದೇ ಎಂಬುದು ನನ್ನ ಅಲ್ಪ ವಯಸ್ಸಿನ ಅನುಭವದಿಂದ ಹೊರಟ ಸಿದ್ಧಾಂತ. ಈಜು, ಸೈಕಲ್ಲು, ಹದಿನೇಳರ ಮಗ್ಗಿ ಇವನ್ನೆಲ್ಲ ಬಿದ್ದೆದ್ದೋ ಪೆಟ್ಟು ತಿಂದೋ ಕಲಿಯಬಹುದು. ಆದರೆ ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮಗ್ಗುಲಿಗೆ, ಉಮರಗಾ ತಾಲೂಕಿನ ದಾಳಿಂಬದಲ್ಲಿ ಹುಟ್ಟಿ ಬೆಳೆದವನಿಗೆ ಈ ವಿದ್ಯೆ ಮಾತ್ರ ಕೈಹತ್ತುವುದಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಹಿಂದಿ, ಹೀಗೆ ಮೂರು ಭಾಷೆಗಳಲ್ಲಿ ತನ್ನ ಬೇಕು ಬೇಡಗಳನ್ನು ಧಾರಾಳವಾಗಿ ನಿವೇದಿಸಬಲ್ಲ ನಮ್ಮ ಕಡೆಯ ಹುಡುಗನು, ತಾಟಿನ ಮುಂದೆ ಕುಳಿತನೆಂದರೆ ಮೂರರಲ್ಲಿಯೂ ಮೂಕನಾಗುತ್ತಾನೆ.

ಇದಕ್ಕೆ ಮೊದಲ ಕಾರಣ ನಮ್ಮ ಆಯಿಯ ಗಣಿತ. ‘ಅರ್ಧ ರೊಟ್ಟಿ ಹಾಕ್ಲೇನು?’ ಎಂದು ಆಕೆ ಕೇಳುತ್ತಿದ್ದುದು ಕೇವಲ ಶಿಷ್ಟಾಚಾರಕ್ಕೆ; ಉತ್ತರವು ನನ್ನ ಬಾಯಿಯಿಂದ ಹೊರಡುವ ಮೊದಲೇ ಅರ್ಧ ರೊಟ್ಟಿ ತಾಟಿನಲ್ಲಿರುತ್ತಿತ್ತು, ಮತ್ತು ಉಳಿದರ್ಧವನ್ನು ಬುಟ್ಟಿಯಲ್ಲಿ ಒಂಟಿಯಾಗಿ ಬಿಡುವುದು ಗೃಹಸ್ಥರ ಮನೆಗೆ ಶ್ರೇಯಸ್ಕರವಲ್ಲವೆಂಬ ನ್ಯಾಯದಿಂದ ಅದೂ ಬೆನ್ನ ಹಿಂದೆಯೇ ಬರುತ್ತಿತ್ತು. ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುವ ಉಪಾಯವನ್ನೂ ನಾನು ಪ್ರಯೋಗಿಸಿ ನೋಡಿದೆನು. ಬೆರಳುಗಳ ಸಂದಿಯಲ್ಲಿ ಪುಂಡಿಪಲ್ಯವನ್ನು ಇಳಿಸಬಲ್ಲ ಕೈಚಳಕವು ಆಕೆಗೆ ಸಿದ್ಧಿಸಿದ್ದಿತಾದುದರಿಂದ, ಊಟದ ತರುವಾಯ ತೊಳೆಯಬೇಕಾದ ಕೈಗಳ ಸಂಖ್ಯೆ ಎರಡಾಯಿತೇ ಹೊರತು ಬೇರೆ ಪ್ರಯೋಜನವಾಗಲಿಲ್ಲ. ನಮ್ಮ ಮನೆಯಲ್ಲಿ ಈ ಸಂಗ್ರಾಮವನ್ನು ಗೆದ್ದು ಏಳುತ್ತಿದ್ದವನು ಮುತ್ಯಾ ಒಬ್ಬನೇ. ಆತನು ತಾಟು ತೊಳೆದು ಆ ನೀರನ್ನೇ ಪ್ರಸಾದವೆಂದು ಕುಡಿದುಬಿಡುತ್ತಿದ್ದನು. ಆಮೇಲೆ ಬಡಿಸುವುದು ಧರ್ಮಕ್ಕೇ ಅಪಚಾರ. ಧರ್ಮದ ಆಶ್ರಯವಿಲ್ಲದೆ ‘ಸಾಕು’ ಎನ್ನುವುದು ಅಸಾಧ್ಯವೆಂಬುದನ್ನು ನಾನು ಅಂದೇ ಕಂಡುಕೊಂಡೆನು.

ಇದನ್ನು ಬರಿಯ ಹೆಂಗಸರ ಹಟವೆಂದು ಭಾವಿಸುವುದು ಅನ್ಯಾಯ. ಬಸವಕಲ್ಯಾಣವು ನಮಗೆ ಬಹು ದೂರದ ಊರೇನಲ್ಲ. 12ನೆಯ ಶತಮಾನದಲ್ಲಿ ಅಲ್ಲಿ ಶರಣರು ಬೋಧಿಸಿದ ಕಾಯಕ, ದಾಸೋಹಗಳೆಂಬ ಎರಡು ತತ್ತ್ವಗಳಲ್ಲಿ ಮೊದಲನೆಯದು ನಮ್ಮ ತಲೆಮಾರಿಗೆ ಬರುವಷ್ಟರಲ್ಲಿ ದಾರಿಯಲ್ಲಿ ತುಸು ಸೋರಿಹೋಗಿದ್ದರೂ, ಎರಡನೆಯದು ಒಂದು ಹನಿಯೂ ಚೆಲ್ಲದೆ ನಮ್ಮ ಅಡುಗೆಮನೆಗಳನ್ನು ಮುಟ್ಟಿದೆ.

ಈ ವಿದ್ಯೆಯ ವಾರ್ಷಿಕ ಪರೀಕ್ಷೆ ನಡೆಯುವುದು ಮಾರ್ಗಶಿರ ಮಾಸದ ಅಮಾವಾಸ್ಯೆಯಂದು, ಹೊಲದಲ್ಲಿ. ಎಳ್ಳಮಾಸಿ ಬಂದಿತೆಂದರೆ ಉಮರಗಾ, ನಿಲಂಗಾ, ಉದಗೀರಗಳ ಪೇಟೆಗಳು ಬರಿದಾಗುತ್ತವೆ. ಲಾತೂರ, ಧಾರಾಶಿವ ಜಿಲ್ಲೆಗಳಲ್ಲಿ ಸರಕಾರವು ಅಂದು ಸ್ಥಳೀಯ ರಜೆಯನ್ನೇ ಸಾರುವ ರೂಢಿಯುಂಟು, ಏಕೆಂದರೆ ಸಾರದಿದ್ದರೂ ಕಚೇರಿಯಲ್ಲಿ ಯಾರೂ ಇರಲಾರರು. ಜೋಳದ ಹಿಟ್ಟು ಮಜ್ಜಿಗೆಯಲ್ಲಿ ಮೊದಲೇ ಹುಳಿತು ಅಂಬಲಿಯಾಗಿ ಮಣ್ಣಿನ ಗಡಿಗೆಯಲ್ಲಿ ಕುಳಿತಿರುತ್ತದೆ. ಹಸಿ ಕಡಲೆ, ಹಸಿ ತೊಗರಿ, ಶೇಂಗಾ, ಮೆಂತ್ಯ, ಬದನೆ, ಗಜ್ಜರಿ, ಒಂದರ ಮುಖವನ್ನು ಒಂದು ನೋಡದಂಥ ಇವೆಲ್ಲವೂ ಕಡಲೆಹಿಟ್ಟು, ಹುಣಸೆಹುಳಿಗಳ ಅಧ್ಯಕ್ಷತೆಯಲ್ಲಿ ಸರ್ವಪಕ್ಷ ಮಂತ್ರಿಮಂಡಲದಂತೆ ಒಂದೇ ಪಾತ್ರೆಯಲ್ಲಿ ಕುದಿದು ಬಜ್ಜಿಯೆನಿಸಿಕೊಳ್ಳುತ್ತವೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕಡಬು, ಎಣ್ಣೆಹೋಳಿಗೆಗಳ ಬುಟ್ಟಿಗಳನ್ನು ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ನಡೆಯುತ್ತಾರೆ. ಅಲ್ಲಿ ಜೋಳದ ದಂಟಿನ ಕೊಂಪೆ. ಅದರೊಳಗೆ ಸುಣ್ಣ ಬಳಿದುಕೊಂಡು ಪಾಂಡವರೆನಿಸಿಕೊಂಡ ಐದು ಕಲ್ಲುಗಳು. ಅವರಿಗೆ ಎಡೆ ತೋರಿಸಿದ ಮೇಲೆ ಕಾಕಾ ಚರಗ ಚೆಲ್ಲುತ್ತ ಮುಂದೆ, ನಾನು ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ, ಹೊಲದ ಸುತ್ತ ಒಂದು ಪ್ರದಕ್ಷಿಣೆ. ಅಂಬಲಿ ಬಜ್ಜಿಗಳನ್ನು ಎಷ್ಟು ಚೆಲ್ಲಿದರೂ ಭೂಮಿತಾಯಿಯು ಸಾಕೆಂದುದನ್ನು ನಾನು ಕೇಳಲಿಲ್ಲ. ಆಕೆಗೇ ಬಾರದ ವಿದ್ಯೆ ಆಕೆಯ ಮಕ್ಕಳಿಗೆ ಹೇಗೆ ಬಂದೀತು?

ನಮ್ಮ ಹೊಲದ ಊಟವೇನೋ ಮುಗಿಯುತ್ತದೆ. ಆದರೆ ಸುತ್ತಲಿನ ಹೊಲಗಳಿಂದ ಕರೆ ಬರತೊಡಗುವುದು ಆಗಲೇ. ಹಿರಿಯರಿಗೆ ಎಲ್ಲ ಕಡೆಗೂ ಹೋಗಲಾಗದು, ಹೋಗದಿದ್ದರೆ ವರ್ಷವಿಡೀ ಮಾತು ಉಳಿಯುತ್ತದೆ. ಆದುದರಿಂದ ಮನೆತನದ ಅಧಿಕೃತ ಪ್ರತಿನಿಧಿಯಾಗಿ ಮನೆಯ ಸಣ್ಣ ಹುಡುಗನನ್ನು ಕಳುಹಿಸುವುದು ಪದ್ಧತಿ.

‘ಬಾ ತಮ್ಮಾ, ಕೂಡ್ರು. ಉಣ್ಣು.’

‘ಈಗೇ ಉಂಡು ಬಂದೀನಿ ಅತ್ತಿ. ಹೊಟ್ಟಿ ತುಂಬ್ಯದ.’

‘ನಿಮ್ಮ ಹೊಲದಾಗ ಉಂಡಿದಿ. ನಮ್ಮ ಹೊಲದಾಗ ಎಲ್ಲಿ ಉಂಡಿದಿ?’

ಯಾವ ತರ್ಕಶಾಸ್ತ್ರಿಯೂ ಈ ಪ್ರಶ್ನೆಗೆ ಸಮಾಧಾನ ಹೇಳಲಾರನು. ತಲಾಠಿಯ ಸಾತಬಾರಾ ಉತಾರದಲ್ಲಿ ಒಂದೊಂದು ಹೊಲದ ಗಟ್ ನಂಬರಿಗೂ ಬೇರೆ ಬೇರೆ ದಾಖಲೆಯಿರುವಾಗ ಹೊಟ್ಟೆಯೊಂದಕ್ಕೆ ಮಾತ್ರ ಏಕೆ ಇರಬಾರದು ಎಂಬುದು ಅತ್ತೆಯವರ ವಾದದ ತಿರುಳು. ಅಷ್ಟಾಗಿ ಉಂಡೆದ್ದ ಮೇಲೆ ‘ಹುಡುಗ ಛಲೋ ಉಣ್ತಾನ’ ಎಂಬ ಪ್ರಶಸ್ತಿಯು ದೊರೆಯುತ್ತಿತ್ತು. ಶಾಲೆಯಲ್ಲಿ ನನಗೆಂದೂ ದಕ್ಕದ ಪ್ರಥಮ ವರ್ಗವು ಹೀಗೆ ಬದುವಿನಿಂದ ಬದುವಿಗೆ ದಕ್ಕುತ್ತಿತ್ತು. ಈಗಲೂ ನಾನು ಅಷ್ಟೇ ಉಣ್ಣುತ್ತೇನೆ, ಅದೇ ಅತ್ತೆಯವರೇ ಬಡಿಸುತ್ತಾರೆ. ಆದರೆ ಉಂಡೆದ್ದ ಮೇಲೆ ‘ತಮ್ಮಗ ಹೊಟ್ಟಿ ಬಂದದ’ ಎಂದು ನಿಟ್ಟುಸಿರಿಡುತ್ತಾರೆ. ಬಾಲ್ಯವು ಮುಗಿದುದಕ್ಕೆ ನನಗೆ ಸಿಕ್ಕ ಲಿಖಿತವಲ್ಲದ ಪ್ರಮಾಣಪತ್ರ ಇದೊಂದೇ.

ಈ ದೌರ್ಬಲ್ಯವು ನನ್ನೊಬ್ಬನದಲ್ಲವೆಂದು ಇತಿಹಾಸವನ್ನೋದಿದಾಗ ಸಮಾಧಾನವಾಯಿತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಪಾಲು ಮಾಡಿದಾಗ ನಮ್ಮ ಧಾರಾಶಿವ ಜಿಲ್ಲೆಯೂ, ಬೀದರ ಜಿಲ್ಲೆಯೊಳಗಿದ್ದ ಉದಗೀರ, ನಿಲಂಗಾ, ಅಹಮದಪುರಗಳೂ ಮುಂಬಯಿ ರಾಜ್ಯದ ತಾಟಿಗೆ ಬಿದ್ದವು. ಆಳಂದ, ಹುಮನಾಬಾದಗಳು ಮೈಸೂರಿನ ತಾಟಿಗೆ. ಗಡಿಯುದ್ದಕ್ಕೂ ತಮಗೆ ಬಡಿಸಿದುದು ಕಡಿಮೆಯಾಯಿತೆಂದು ಎರಡು ಪಂಕ್ತಿಯವರೂ ಗದ್ದಲ ಮಾಡಿದಾಗ 1966ರಲ್ಲಿ ಮಹಾಜನ ಆಯೋಗವು ಸೌಟು ಹಿಡಿದು ಬಂದು, 1967ರಲ್ಲಿ ತನ್ನ ವರದಿಯನ್ನು ಬಡಿಸಿ ಹೋಯಿತು. 2004ರಲ್ಲಿ ವ್ಯಾಜ್ಯವು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿತು. ಇಷ್ಟಾದರೂ ಯಾವ ರಾಜ್ಯದ ಬಾಯಿಯಿಂದಲೂ ‘ಸಾಕು’ ಎಂಬ ಮಾತು ಹೊರಟಿಲ್ಲ. ವಿಧಾನಸಭೆಗಳಿಗೇ ಬಾರದ ವಿದ್ಯೆಯನ್ನು ಚಡ್ಡಿ ಹಾಕಿದ ಹುಡುಗನಿಂದ ನಿರೀಕ್ಷಿಸುವುದು ಸಲ್ಲದು.

ಈಗ ಹೊಟ್ಟೆಯ ಪಾಡಿಗಾಗಿ ಪುಣೆಯಲ್ಲಿರುವ ನನಗೆ ಈ ವಿದ್ಯೆಯ ಅವಶ್ಯಕತೆಯೇ ಬೀಳುವುದಿಲ್ಲ. ನಾನು ಉಣ್ಣುವ ಖಾನಾವಳಿಯಲ್ಲಿ ಚಪಾತಿಗಳ ಎಣಿಕೆ ಮುಗಿದೊಡನೆ ಬಡಿಸುವವನೇ ನನ್ನ ಪರವಾಗಿ ಸಾಕೆಂದು ನಿರ್ಧರಿಸಿ ಅತ್ತ ನಡೆಯುತ್ತಾನೆ. ಅಲ್ಲಿ ನಾನು ಮಿತಾಹಾರಿಯೆಂದು ಹೆಸರು ಪಡೆದಿರುವೆನಾದರೂ, ಆ ಕೀರ್ತಿಯಲ್ಲಿ ನನ್ನ ಪುರುಷಪ್ರಯತ್ನವೇನೂ ಇಲ್ಲ. ಒತ್ತಾಯ ಮಾಡುವವರಿದ್ದಲ್ಲಿ ಮಾತ್ರ ನಿರಾಕರಣೆಗೆ ಬೆಲೆ. ಯಾರೂ ಬಡಿಸದ ತಾಟಿನ ಮುಂದೆ ವೈರಾಗ್ಯವನ್ನು ಪ್ರದರ್ಶಿಸುವುದು ಯಾರಿಗೂ ಸುಲಭ.

ಆದುದರಿಂದ, ಮಾರ್ಗಶಿರದ ಅಮಾವಾಸ್ಯೆಯಂದು ನಮ್ಮ ಹೆದ್ದಾರಿಯಲ್ಲಿ ಪ್ರಯಾಣ ಮಾಡತಕ್ಕ ಸಜ್ಜನರಲ್ಲಿ ನನ್ನದೊಂದು ವಿಜ್ಞಾಪನೆ: ಅಂದು ನಮ್ಮ ಕಾಕಾ ಸೈಕಲ್ಲಿನವನನ್ನೂ ತಡೆಯುವನು, ಲಾರಿಯವನನ್ನೂ ತಡೆಯುವನು. ಸೋಲಾಪುರದಲ್ಲಿ ಉಪಾಹಾರ ಮುಗಿಸಿ ಹೊರಟಿದ್ದೇವೆಂದು ನೀವು ಹೇಳಿದರೆ, ಅದು ಸೋಲಾಪುರದ ಊಟವಾಯಿತು, ದಾಳಿಂಬದ್ದು ಇನ್ನೂ ಬಾಕಿಯಿದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಬರುವುದು ಕ್ಷೇಮ. ಮುತ್ಯಾನಂತೆ ತಾಟು ತೊಳೆದು ಕುಡಿಯುವುದನ್ನು ಅಭ್ಯಾಸ ಮಾಡಿಕೊಂಡು ಬಂದರೆ ಇನ್ನೂ ಕ್ಷೇಮ.