ತೂಕಾವರೋಹಣ ಮೀಮಾಂಸೆ, ಅಥವಾ ತರೀಕೆರೆ ಏರಿಯ ಕುರಿಮರಿಗಳು ಏಕೆ ದಪ್ಪಗಾಗಲಿಲ್ಲ

ಪೀಠಿಕೆ

ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ಅಮೃತೇಶ್ವರ ದೇವಾಲಯ ಕಟ್ಟಿಸಿದವನು ಹೊಯ್ಸಳ ದೊರೆ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ. ಅಲ್ಲಿಯ ಶಾಸನ ಬರೆದವನು ಸಾಕ್ಷಾತ್ ಕವಿ ಜನ್ನ. ಆದರೂ ದಂಡನಾಯಕನ ಸೊಂಟದ ಸುತ್ತಳತೆ ಎಷ್ಟಿತ್ತೆಂದು ಇಂದಿಗೂ ಯಾವ ವಿದ್ವಾಂಸನೂ ಕೇಳಿಲ್ಲ. ಈ ಕೊರತೆ ನೀಗಲೆಂದೇ ಪ್ರಸ್ತುತ ಸಂಶೋಧಕನು ಸ್ವಂತ ದೇಹವನ್ನು ಕ್ಷೇತ್ರಕಾರ್ಯಕ್ಕೆ ಒಪ್ಪಿಸಿದ್ದಾನೆ. ಕ್ಷೇತ್ರ ವಿಶಾಲವಾಗಿದೆ.

ಇತಿಹಾಸವನ್ನು ಗಮನಿಸಿ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಜಿಲ್ಲೆಗೆ ಸಾಲುತ್ತಿದ್ದ ಹೆಸರು ಆಮೇಲೆ ತಾಲ್ಲೂಕಿಗಷ್ಟೇ ಉಳಿಯಿತು. ತರೀಕೆರೆಯೋ, ಅಜ್ಜಂಪುರವನ್ನು ಬೇರೆ ತಾಲ್ಲೂಕಾಗಿ ಬಿಟ್ಟುಕೊಟ್ಟು ಹಗುರಾಯಿತು. ಅಂದರೆ ಈ ಸೀಮೆಯಲ್ಲಿ ಊರುಗಳು ಇಳಿದಿವೆ, ಊರವರು ಇಳಿದಿಲ್ಲ.

ಪೂರ್ವಪಕ್ಷ

‘ಹದಿನೈದು ದಿನದಿಂದ ರಾತ್ರಿ ಒಂದೇ ಮುದ್ದೆ, ಆದರೂ ಗ್ರಾಮೂ ಕದಲಿಲ್ಲ’ ಎಂಬುದು ಪೂರ್ವಪಕ್ಷ. ಇದನ್ನು ಪರೀಕ್ಷಿಸಲು ಸಂಶೋಧಕನು ಪ್ರತಿ ಬೆಳಿಗ್ಗೆ ಕೈಗಡಿಯಾರ, ಕನ್ನಡಕ, ಬೆಳ್ಳಿ ಉಡಿದಾರಗಳನ್ನು ಬಿಚ್ಚಿಟ್ಟು, ಉಸಿರನ್ನು ಪೂರ್ತಿ ಹೊರಬಿಟ್ಟು, ಒಂದು ಕಾಲನ್ನು ತೂಕದ ಯಂತ್ರದ ಮೇಲಿಟ್ಟು, ಇನ್ನೊಂದನ್ನು ಯಂತ್ರಕ್ಕೆ ಗೊತ್ತಾಗದಂತೆ ಸೇರಿಸುತ್ತಾನೆ. ಕನ್ನಡಕವಿಲ್ಲದೆ ಅಂಕಿ ಕಾಣುವುದಿಲ್ಲ. ಹೆಂಡತಿ ಬಂದು ಬಗ್ಗಿ ನೋಡಿ, ‘ನಿನ್ನೇದೇ’ ಎಂದು ತೀರ್ಪು ಕೊಟ್ಟು ಒಲೆಯ ಕಡೆ ಹೋಗುತ್ತಾಳೆ.

ಸೂತ್ರ 1: ಮೊದಲು ಹೋಗುವುದು ನೀರು, ಕೊಬ್ಬು ಆಮೇಲೆ ನಿಧಾನವಾಗಿ.

ವ್ಯಾಖ್ಯಾನ: ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ದಾಸ್ತಾನಿದೆ. ಅದರ ಪ್ರತಿ ಗ್ರಾಮೂ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಊಟ ಇಳಿಸಿದ ಮೊದಲ ವಾರ ಈ ದಾಸ್ತಾನು ಕರಗಿ ನೀರು ಹೊರಡುತ್ತದೆ, ನಾವು ಊರೆಲ್ಲ ಡಂಗುರ ಸಾರುತ್ತೇವೆ. ಕೊಬ್ಬಿನ ಲೆಕ್ಕ ಬೇರೆ. ಒಂದು ಕಿಲೋ ಕರಗಲು ಸುಮಾರು 7,700 ಕ್ಯಾಲೊರಿ ಉಳಿಸಬೇಕು. ದಿನಕ್ಕೆ 550 ಉಳಿಸಿದರೂ ಹದಿನಾಲ್ಕು ದಿನ. ಇಪ್ಪತ್ತು ವರ್ಷ ಕೂಡಿಟ್ಟ ಗಂಟನ್ನು ಎರಡೇ ವಾರದಲ್ಲಿ ಖಾಲಿ ಮಾಡು ಎಂದರೆ ದೇಹ ಒಪ್ಪೀತೇ?

ಸೂತ್ರ 2: ಹೆಸರು ಬದಲಾದರೆ ಬೆಣ್ಣೆ ಬದಲಾಗದು.

ವ್ಯಾಖ್ಯಾನ: ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಇಂದಿಗೂ ಸಾಕುವ ಅಮೃತ ಮಹಲ್ ರಾಸುಗಳ ಮೂಲ ಮೈಸೂರು ಒಡೆಯರ ‘ಬೆಣ್ಣೆ ಚಾವಡಿ’. ಅದನ್ನು ‘ಅಮೃತ ಮಹಲ್’ ಮಾಡಿದವನು ಟಿಪ್ಪು. ಒಂದೇ ಇಲಾಖೆಯಿಂದ ಅರಮನೆಗೆ ಬೆಣ್ಣೆಯೂ ಬಂತು, ದಂಡಿಗೆ ಫಿರಂಗಿ ಎಳೆಯುವ ಎತ್ತೂ ಬಂತು. ನಾವು ಬೆಣ್ಣೆಯನ್ನು ಇಟ್ಟುಕೊಂಡು ಫಿರಂಗಿ ಬಿಟ್ಟೆವು. ಹೋಳಿಗೆಯ ಮೇಲಿನ ತುಪ್ಪವನ್ನು ನಮ್ಮ ಮನೆಯಲ್ಲಿ ‘ಕೀಲಿಗೆ ಒಳ್ಳೇದು’ ಎಂದು ಕರೆಯುತ್ತಾರೆ. ಏನೆಂದು ಕರೆದರೂ ಕೊಬ್ಬು ಗ್ರಾಮಿಗೆ 9 ಕ್ಯಾಲೊರಿಯೇ.

ಸಿದ್ಧಾಂತ

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿದೆ. ಗರಿಷ್ಠ ಮಟ್ಟ 186 ಅಡಿ. ಬೇಸಿಗೆಯಲ್ಲಿ ಅದು ಅಂಗುಲ ಅಂಗುಲವಾಗಿ ಇಳಿಯುತ್ತದೆ. ಪತ್ರಿಕೆಯಲ್ಲಿ ಅದನ್ನು ಓದಿದ ಯಾವ ರೈತನೂ ‘ನಿನ್ನೆಗಿಂತ ಇಳಿದೇ ಇಲ್ಲ’ ಎಂದು ಅಣೆಕಟ್ಟಿನ ಮೇಲೆ ಮುನಿಸಿಕೊಳ್ಳುವುದಿಲ್ಲ. ಆದ್ದರಿಂದ ಸಂಶೋಧಕನೂ ಅದೇ ಧಾಟಿಯಲ್ಲಿ ದಿನಚರಿ ಬರೆಯತೊಡಗಿದ. ‘ಇಂದಿನ ಮಟ್ಟ: 86.4. ಒಳಹರಿವು: ಹೋಳಿಗೆ ಎರಡು, ಒತ್ತಾಯದ್ದು ಒಂದು. ಹೊರಹರಿವು: ಏರಿಯ ಮೇಲೆ ಒಂದು ಸುತ್ತು.’ ಹೀಗೆ ಬರೆದ ಮೇಲೆ ಮಟ್ಟ ಏಕೆ ಇಳಿಯಲಿಲ್ಲವೆಂದು ಕೇಳಲು ಯಾವ ಪಂಡಿತನೂ ಬೇಕಾಗಲಿಲ್ಲ.

ಮೂರು ತಿಂಗಳಾದ ಮೇಲೆ ಮಟ್ಟ ಪೂರ್ತಿ ನಿಂತುಬಿಡುವುದೂ ಉಂಟು. ಹಗುರಾದ ದೇಹಕ್ಕೆ ಖರ್ಚೂ ಕಡಿಮೆ. ಉಪ್ಪಿನಕಾಯಿ ಹೆಚ್ಚಾದರೆ ನೀರು ಮರಳಿ ಬಂದು ಕೂರುತ್ತದೆ. ಹೀಗೆ ಮಟ್ಟ ನಿಂತಾಗ ನಮ್ಮ ರೈಲನ್ನು ನೆನೆಯಬೇಕು: ಕಡೂರು ದಾಟಿದ ರೈಲು ಬೀರೂರಿಗೆ ಬರುತ್ತದೆ. ಅಲ್ಲಿಂದ ಒಂದು ಹಳಿ ಅಜ್ಜಂಪುರದತ್ತ, ಇನ್ನೊಂದು ತರೀಕೆರೆಯತ್ತ. ಕ್ರಾಸಿಂಗಿಗೆ ನಿಂತ ರೈಲು ಹಿಂದಕ್ಕೇನೂ ಹೋಗುತ್ತಿಲ್ಲ. ಬೇಸತ್ತು ಇಳಿದು ಪ್ಲಾಟ್‌ಫಾರಮ್ಮಿನಲ್ಲಿ ವಡೆಗೆ ಕೂತವನಿಗೆ ಮಾತ್ರ ಊರು ತಪ್ಪುತ್ತದೆ.

ಫಲಶ್ರುತಿ

ಕನ್ನಡದ ಮಕ್ಕಳೆಲ್ಲ ನಾಲಗೆ ತೊಡರಿಸಿಕೊಂಡ ತರೀಕೆರೆ ಏರಿಯ ಆ ಮೂರು ಕರಿ ಕುರಿಮರಿಗಳು ತಲೆತಲಾಂತರದಿಂದ ಮೇಯುತ್ತಲೇ ಇವೆ, ಇನ್ನೂ ಮರಿಗಳಾಗಿಯೇ ಇವೆ. ಕಾರಣ ಸ್ಪಷ್ಟ: ಮೇವು ಏರಿಯುದ್ದಕ್ಕೂ ಚದುರಿದೆ, ನಡೆಯದೆ ಸಿಕ್ಕುವುದಿಲ್ಲ. ಹಸಿವಿಲ್ಲದ ಹೊತ್ತಿನಲ್ಲಿ ಬೋಂಡಾ ಕರೆದಾಗ ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ’ ಎಂಬ ಆ ವಾಕ್ಯವನ್ನು ಹತ್ತು ಬಾರಿ ತಪ್ಪಿಲ್ಲದೆ ಹೇಳಿ ನೋಡಿ. ಬಾಯಿಗೆ ಬೇರೆ ಕೆಲಸಕ್ಕೆ ಬಿಡುವಿರುವುದಿಲ್ಲ. ಅಷ್ಟರಲ್ಲಿ ಬೋಂಡಾ ತಣ್ಣಗಾಗುತ್ತದೆ, ಆಸೆಯೂ.

ಈಗ ಸಂಶೋಧಕನು ವಾರಕ್ಕೊಮ್ಮೆ, ಭಾನುವಾರ, ಕನ್ನಡಕ ಹಾಕಿಕೊಂಡೇ ಯಂತ್ರ ಹತ್ತುತ್ತಾನೆ. ಇಪ್ಪತ್ತು ಗ್ರಾಂ ಹೆಚ್ಚು ತೋರಿದರೆ ತೋರಲಿ, ಅಂಕಿಯನ್ನು ತಾನೇ ಓದಿಕೊಳ್ಳಬಹುದಲ್ಲ.